ಒತ್ತಿ ಬಿಟ್ಟ ಮೇಲೆ

ಇಲ್ಲಿ ಕೊಡು, ಜೋಲ್ದೋಶ್. ಚೀಟಿ ಬೇಡ.
ಚೀಟಿ ಬಿಷ್ಕೆಕ್ಕಿನ ಯಾವ ಓಣಿಯಲ್ಲಾದರೂ ಅಚ್ಚಾಗುತ್ತದೆ.
ನೆಟ್ಟಗೆ ನೆಲಕ್ಕೂರಿ ಅಂಗೈಯಿಂದ ದಂಡವನ್ನು ಒತ್ತಬೇಕು,
ತಳ ಮುಟ್ಟುವ ತನಕ, ನಿಧಾನಕ್ಕೆ.
ಆಮೇಲೆ ಕೈ ತೆಗೆದು ಸುಮ್ಮನಿರಬೇಕು.
ಜನಕ್ಕೆ ಬಾರದಿರುವುದು ಈ ಸುಮ್ಮನಿರುವುದೇ.

ಗ್ಯಾಸಿನದಾದರೆ ಏಳುತ್ತದೆ,
ಹಿರಿಯರು ಒಳಗೆ ಬಂದರೆ ಹುಡುಗ ಏಳುವಂತೆ,
ಮನಸ್ಸಿಲ್ಲದಿದ್ದರೂ, ಪೂರ್ತಿ.
ಬರೀ ಎಣ್ಣೆಯದು ಬಿಟ್ಟಲ್ಲೇ ಇರುತ್ತದೆ.
ಎಳೆದರೆ ಬರುತ್ತದೆ, ಒತ್ತಿದರೆ ಹೋಗುತ್ತದೆ,
ಎರಡಕ್ಕೂ ಅಷ್ಟಷ್ಟೇ ಬಿಗುಮಾನ.

ಯಾವುದು ಒಳ್ಳೆಯದು ಅಂತ ಕೇಳಬೇಡ.
ಕುಮಿಸ್ ತುಂಬಿದ ಸೀಸೆಯನ್ನು ಕೋಚ್ಕೋರಿನಿಂದ
ದೊಲೋನ್ ಕಣಿವೆ ದಾಟಿಸಿದ್ದೀಯಲ್ಲ?
ಕುಲುಕಿ ಕುಲುಕಿ ನೊರೆಯೆದ್ದು ಮುಚ್ಚಳ ಹಾರಿ
ಹಿಂದಿನ ಸೀಟೆಲ್ಲ ಹುಳಿ ನಾರಿದ್ದು ನೆನಪಿದೆಯೆ?
ಕಲ್ಲು ದಾರಿಯಲ್ಲಿ ಎಣ್ಣೆಗೂ ಅದೇ ಪಾಡು.
ನೊರೆಗೆ ಏನು ತಡೆಯುವ ತಾಕತ್ತು!
ಅದಕ್ಕೇ ಮೇಲೊಂದಿಷ್ಟು ನೈಟ್ರೋಜನ್ ತುಂಬಿ
ಎಣ್ಣೆಯ ತಲೆ ಮೇಲೆ ಕೂರಿಸುತ್ತಾರೆ.
ಆದರೆ ಊರೊಳಗೆ, ಮೆತ್ತಗೆ ಹೋಗುವವರಿಗೆ,
ಸೊಂಟ ನೋವಿನವರಿಗೆ, ಎಣ್ಣೆಯದೇ ಹಿತ.

ಈಗ ನಿನ್ನವೆರಡು.
ಎಡಗಡೆಯದು... ನೋಡು, ಎದ್ದಿತು.
ಬಲಗಡೆಯದು...
ಕಾಯೋಣ.
ಟೀ ಆರುತ್ತಿದೆ, ಕುಡಿ.
ಇಲ್ಲ. ಏಳುವುದಿಲ್ಲ.

ಇಲ್ಲೇ ಕಷ್ಟ. ಗ್ಯಾಸು ಸೋರಿ ಸತ್ತದ್ದೂ
ಹುಟ್ಟಾ ಎಣ್ಣೆಯದೂ ಹೊರಗಿಂದ ಒಂದೇ ಥರ:
ಎರಡೂ ಏಳುವುದಿಲ್ಲ.
ಸತ್ತದ್ದಾದರೆ ಸೀಲಿನ ಸುತ್ತ ಜಿಡ್ಡು ಬೆವರಿರುತ್ತದೆ,
ಎಳೆಯುವಾಗ ನಡುವೆ ಒಂದೆಡೆ ಕೈ ಧಸಕ್ಕೆಂದು ಜಾರುತ್ತದೆ,
ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ.
ಇದರಲ್ಲಿ ಅದಿಲ್ಲ. ಒಣಗಿದೆ. ಎಲ್ಲೂ ಜಾರಲಿಲ್ಲ.
ಇದು ಸತ್ತಿಲ್ಲ, ಜೋಲ್ದೋಶ್.
ಇದು ಯಾವತ್ತೂ ಗ್ಯಾಸಿನದಾಗಿರಲೇ ಇಲ್ಲ.

ಆ ಉಗುರು ಕೊಡು. ಬಣ್ಣ ಕೆರೆಯುತ್ತೇನೆ.
ಕಪ್ಪು. ಅದರ ಮೇಲೆ ನೀಲಿ.
ಈ ನೀಲಿ ಕಾರ್ಖಾನೆಯದಲ್ಲ,
ಬೇಲಿಗೆ ಹಚ್ಚುವುದು.
ನನ್ನ ಮನೆ ಬೇಲಿಗೆ ಹಚ್ಚಿ ಮಿಕ್ಕಿದ್ದು.

ನಾಲ್ಕು ಚಳಿಗಾಲದ ಹಿಂದೆ, ಗಡಿ ಮುಚ್ಚಿದ್ದ ತಿಂಗಳು,
ಈ ಕಂಟೇನರಿನಲ್ಲಿ ಜೋಡಿಯಿಲ್ಲದ ಒಂದೊಂದೇ ಉಳಿದಿದ್ದಾಗ
ಬುರುಲ್ಚಾ ಎಂಬ ಹೆಂಗಸು ಒಂದು ರಾತ್ರಿ ಕುಂಚ ಹಿಡಿದಳು.
ನೀನು ಟೊಪ್ಪಿಯೂ ತೆಗೆಯದೆ ಹಣ ಎಣಿಸಿ ಕೊಟ್ಟೆ,
ಚಿಲ್ಲರೆಗೆ ಕಾಯಲಿಲ್ಲ.
ಆ ಹೆಂಗಸಿನ ಕೈ ಇದೇ ಕೈ.
ಒತ್ತಿ ನೋಡು ಅಂತ ಅವತ್ತು ನಿನಗೆ ಹೇಳಲಿಲ್ಲ.

ಬೈಯಿ. ಪಕ್ಕದಂಗಡಿಯವರಿಗೆ ಕೇಳಿಸಿದರೂ ಪರವಾಗಿಲ್ಲ.
ಯಾಕೆ ನಗುತ್ತೀಯ?

ಅಮ್ಮನಾ?
ಹಿಂದಿನ ಬಲಗಡೆ ಸೀಟೇ ಬೇಕು ಅಂತ ಹಟವಾ?
ನಾರಿನ್ ದಾರಿಯುದ್ದಕ್ಕೂ ಅಲ್ಲಿ ನಿದ್ದೆ ಬರುತ್ತದೆ,
ಎಡಗಡೆ ಹಲ್ಲು ಕಳಚುತ್ತದೆ ಅಂತಾಳಾ?
ನೀವೆಲ್ಲ ಮುದುಕಿಗೆ ಭ್ರಮೆ ಅಂದುಕೊಂಡಿರಿ.
ನಾಲ್ಕು ವರ್ಷ ಸರಿಯಾಗಿ ಹೇಳಿದ್ದು ಅವಳೊಬ್ಬಳೇ,
ಅದೂ ಕೈಯಿಂದಲ್ಲ.

ಆದರೂ ಒಂದು ಅಚ್ಚಿಗೆ ಎರಡು ಬುದ್ಧಿ ಕೂಡದು.
ಹಿಮದ ತಿರುವಿನಲ್ಲಿ ಗಾಡಿ ಒಂದೇ ಮಾತು ಕೇಳಬೇಕು.
ತಗೋ ಈ ಜೋಡಿ. ಹಣ ಒಳಗಿಡು,
ಒಳಗಿಡು ಅಂದೆ.
ಪಟ್ಟಿ ಕತ್ತರಿಸುವಾಗ ಮುಖ ಆಚೆಗಿಟ್ಟುಕೋ.
ಹಾಕುವ ಮುನ್ನ ನೆಟ್ಟಗೆ ನಿಲ್ಲಿಸಿ ಐದಾರು ಸಲ ಒತ್ತಿ ಎಳೆ,
ಮಲಗಿದ್ದ ಎಣ್ಣೆಗೆ ದಿಕ್ಕು ತಿಳಿಯಬೇಕು.

ಏನು? ಎಣ್ಣೆಯ ಜೋಡಿಯೇ ಬೇಕಾ?
ಅಮ್ಮನಿಗೆ?
ದೊಲೋನಿನಲ್ಲಿ ನೊರೆಯೇಳುತ್ತದೆ, ಹೇಳಿದೆನಲ್ಲ.
ನಿಧಾನ ಓಡಿಸುತ್ತೀಯಾ. ನೀನು!
ಇರು, ಹುಡುಕುತ್ತೇನೆ. ಮೇಲಿನ ಹಲಗೆಯಲ್ಲಿರಬೇಕು.

ಈ ಸಲ ನೀನೇ ಒತ್ತಿ ನೋಡು.
ಕೈ ತೆಗೆ.
ಸುಮ್ಮನಿರು.